ಮಳೆಯ ಕೈಯಿಂದ ಮಂಜೂರಾತಿ ಪಡೆಯಬೇಡಿ

ಮೈಸೂರಿನ ಹಳೇ ಮನೆಗಳ ವಾರಸುದಾರರಿಗೆ ಒಂದು ಬಹಿರಂಗ ಪತ್ರ

ಅಗ್ರಹಾರ, ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ಒಂಟಿಕೊಪ್ಪಲಿನ ಕಡೆ ಅಜ್ಜನ ಕಾಲದ ಮನೆಯೊಂದಕ್ಕೆ ಬೀಗ ಜಡಿದು ಬೆಂಗಳೂರಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಈ ಪತ್ರ.

ನಕ್ಷೆ ಬರೆದು ಪಾಲಿಕೆಗೆ ಸಲ್ಲಿಸುವುದು ನನ್ನ ಕಸುಬು. ಕಟ್ಟುವವರು ಬರುವ ಹಾಗೆಯೇ ಒಡೆಯುವವರೂ ನನ್ನ ಟೇಬಲ್ ಮುಂದೆ ಬಂದು ಕೂರುತ್ತಾರೆ. ಕಟ್ಟುವವರು ಮಾತಾಡುತ್ತಲೇ ಇರುತ್ತಾರೆ. ಪೂಜಾಮನೆ ಎಲ್ಲಿ, ಕಾರು ಎಷ್ಟು, ಮೇಲೆ ಬಾಡಿಗೆಗೆ ಎರಡು ಪೋರ್ಷನ್ ಬರುತ್ತದಾ ಅಂತ. ಒಡೆಯುವವರದು ಒಂದೇ ಮಾತು: 'ಸಾರ್, ಅದಕ್ಕೂ ಪರ್ಮಿಷನ್ ಬೇಕಾ? ನಮ್ಮದೇ ಮನೆ ಅಲ್ವಾ?' ಬೇಕು ಅಂದರೆ ಮುಖ ಸಪ್ಪಗಾಗುತ್ತದೆ. ಆಮೇಲೆ ಬರುತ್ತದೆ ಎರಡನೆಯ ಮಾತು, ಸ್ವಲ್ಪ ದನಿ ತಗ್ಗಿಸಿ: 'ಹಂಗಾದ್ರೆ ಇನ್ನೊಂದು ಮಳೆಗಾಲ ಹೋಗಲಿ ಬಿಡಿ. ತಾನೇ ಬಿದ್ದುಹೋಗುತ್ತೆ.'

ಈ ಪತ್ರ ಬರೆಯುತ್ತಿರುವುದು ಆ ಎರಡನೆಯ ಮಾತಿಗೆ. ಮನೆ ಒಡೆಯಬೇಡಿ ಅಂತ ಹೇಳಲು ಅಲ್ಲ. ಪರಂಪರೆಯ ಹೆಸರಲ್ಲಿ ಮನೆ ಉಳಿಸುವ ಖರ್ಚನ್ನು ಇನ್ನೊಬ್ಬರ ಮೇಲೆ ಹೇರುವವರ ಪೈಕಿ ನಾನಲ್ಲ. ಗೆದ್ದಲು ತಿಂದ ತೊಲೆಯ ಕೆಳಗೆ ಮಲಗಿ ಅಂತ ಯಾರಿಗೂ ಹೇಳಲಾರೆ. ಒಡೆಯುವುದಾದರೆ ಅರ್ಜಿ ಹಾಕಿ, ನೆರೆಯವರಿಗೆ ತಿಳಿಸಿ, ಹಗಲಿನಲ್ಲಿ ಒಡೆಯಿರಿ. ಉಳಿಸುವುದಾದರೆ ಸೂರಿಗೆ ಕಾಸು ಹಾಕಿ. ಎರಡೂ ಮಾಡದೆ ಆಕಾಶ ನೋಡುತ್ತಾ ಕೂರುವ ಮೂರನೆಯ ದಾರಿಯೊಂದನ್ನು ಈ ಊರು ಕಂಡುಹಿಡಿದುಕೊಂಡಿದೆಯಲ್ಲ, ನನ್ನ ತಕರಾರು ಇರುವುದು ಅದರ ಜೊತೆ.

ಈ ದಾರಿಯನ್ನು ನಿಮಗೆ ಕಲಿಸಿಕೊಟ್ಟದ್ದು ಸರ್ಕಾರವೇ ಅನ್ನುವುದೂ ನಿಜ. ವೈಸ್‌ರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದದ್ದರ ನೆನಪಿಗೆ 1892ರಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡ ನಿಮಗೆ ಗೊತ್ತೇ ಇದೆ. ನಿಮ್ಮಲ್ಲಿ ಎಷ್ಟೋ ಜನ ಅದರ ಕೆಳಗಿನ ಹಳೇ ಪುಸ್ತಕದಂಗಡಿಗಳಲ್ಲಿ ಅರ್ಧ ಬೆಲೆಗೆ ಗೈಡು ಕೊಂಡವರು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಅಲ್ಲಿಂದ ನಾಲ್ಕು ವರ್ಷಕ್ಕೆ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆಯ ಕಡೆಯ ಬಾಗಿಲು ಉರುಳಿತು, ಅದೂ ದುರಸ್ತಿ ನಡೆಯುತ್ತಿದ್ದ ಹೊತ್ತಿನಲ್ಲೇ. 2022ರಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಒಂದು ಭಾಗ ಕುಸಿಯಿತು. ಎಲ್ಲವೂ ಸಾರ್ವಜನಿಕ ಕಟ್ಟಡಗಳೇ.

ಮಾರುಕಟ್ಟೆಯ ಕಥೆಯಲ್ಲಿ ಇನ್ನೊಂದು ಸೋಜಿಗವಿದೆ. ಅಲ್ಲಿ ಮಾಲೀಕರೂ ಪಾಲಿಕೆಯೇ, ಒಡೆಯಬೇಕೆಂದು ನಿರ್ಧರಿಸಿದವರೂ ಪಾಲಿಕೆಯೇ, ಒಪ್ಪಿಗೆ ಕೊಡುವ ಕಚೇರಿಯೂ ಅದೇ. ಕೆಡವಿ ಹೊಸದಾಗಿ ಕಟ್ಟಬೇಕು ಅಂತ ಒಂದು ತಜ್ಞರ ತಂಡ, ಉಳಿಸಬಹುದು ಅಂತ ಪಾರಂಪರಿಕ ತಜ್ಞರು; ಬಾಡಿಗೆದಾರರು ಒಂದು ಕಡೆ, ಅರಮನೆಯವರ ವಿರೋಧ ಇನ್ನೊಂದು ಕಡೆ. ವಿಷಯ ಹೈಕೋರ್ಟಿಗೆ ಹೋಗಿ, 2023ರಲ್ಲಿ ಕೋರ್ಟು ಮಾರುಕಟ್ಟೆ, ಲ್ಯಾನ್ಸ್‌ಡೌನ್ ಎರಡನ್ನೂ ಕೆಡವುವ ತೀರ್ಮಾನವನ್ನು ಎತ್ತಿಹಿಡಿಯಿತು. ತೀರ್ಪು ಬಂದ ಮೇಲೂ ಜಗಳ ಮುಗಿಯಲಿಲ್ಲ. ಲ್ಯಾನ್ಸ್‌ಡೌನ್ ಕುಸಿದದ್ದಕ್ಕೂ ಈ ತೀರ್ಪಿಗೂ ನಡುವೆ ಹನ್ನೊಂದು ಮಳೆಗಾಲ. ಉಳಿಸಿ ಅನ್ನುವವರು ತಪ್ಪೋ, ಕೆಡವಿ ಅನ್ನುವವರು ತಪ್ಪೋ, ಅದನ್ನು ಪಕ್ಕಕ್ಕಿಡೋಣ. ಅಷ್ಟು ವರ್ಷ ಹಾಗೇ ನಿಲ್ಲಿಸಿದ್ದನ್ನು ಮಾತ್ರ ಯಾವ ತಜ್ಞರೂ ಶಿಫಾರಸು ಮಾಡಿರಲಿಲ್ಲ. ಊರಿನ ಇಷ್ಟು ದೊಡ್ಡ ಕಟ್ಟಡದ ಮಾಲೀಕರೇ ಹೀಗಿರುವಾಗ ನಾನ್ಯಾಕೆ ಅವಸರ ಪಡಲಿ ಅಂತ ನೀವು ಅಂದುಕೊಂಡರೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ಆದರೆ ಪಾಲಿಕೆಗೆ ವಕೀಲರ ಪಟ್ಟಿ ಇದೆ. ನಿಮಗೆ ಇರುವುದು ಪಕ್ಕದ ಮನೆಯ ಗೋಡೆ.

ಗೋಡೆಯ ವಿಷಯಕ್ಕೆ ಬಂದೆ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಅಗ್ರಹಾರದ ಕಡೆಯ ಸಾಲುಮನೆಗಳಲ್ಲಿ ಎರಡು ಮನೆಗೆ ಗೋಡೆ ಒಂದೇ. ಅದರ ಈ ಬದಿಯಲ್ಲಿ ನಿಮ್ಮ ತೊಲೆಗಳು ಕೂತಿವೆ, ಆ ಬದಿಯಲ್ಲಿ ಅವರ ತೊಲೆಗಳು. ನೂರು ವರ್ಷದಿಂದ ಎರಡು ಕಡೆಯ ಭಾರವೂ ಒಂದನ್ನೊಂದು ಒತ್ತಿ ಹಿಡಿದು ಆ ಗೋಡೆಯನ್ನು ನೆಟ್ಟಗೆ ನಿಲ್ಲಿಸಿದೆ. ನಿಮ್ಮ ಜೆಸಿಬಿ ಒಂದೇ ಮಧ್ಯಾಹ್ನದಲ್ಲಿ ಈ ಬದಿಯ ಭಾರ ತೆಗೆದುಬಿಟ್ಟರೆ ಗೋಡೆಗೆ ಯಾವ ಕಡೆ ವಾಲಬೇಕೆಂದು ಆಗ ಗೊತ್ತಾಗುತ್ತದೆ. ಅದರಲ್ಲೂ ಮಣ್ಣು ಗಾರೆಯಲ್ಲಿ ಕಟ್ಟಿದ ಗೋಡೆ, ಇಷ್ಟು ದಿನ ಒಳಗೆ ಇದ್ದದ್ದು, ಈಗ ಹೊರಗೋಡೆಯಾಗಿ ಮಳೆಗೆ ಮೈಯೊಡ್ಡಿ ನಿಂತಿರುತ್ತದೆ. ಅದಕ್ಕೆ ಗಿಲಾವು ಇಲ್ಲ, ಮೇಲೆ ಸೂರಿಲ್ಲ. ಮೂರನೆಯ ಮಳೆಗೆ ಪಕ್ಕದ ಮನೆಯವರ ಅಡುಗೆಮನೆಯಲ್ಲಿ ಬಿರುಕು. ಅಲ್ಲಿ ಒಬ್ಬರೇ ಇರುವ ಅಜ್ಜಿ ಆ ಬಿರುಕಿಗೆ ಕ್ಯಾಲೆಂಡರ್ ನೇತುಹಾಕಿದ್ದನ್ನು ನಾನು ನೋಡಿದ್ದೇನೆ. ಒಡೆದವರು ಅಷ್ಟರಲ್ಲಿ ಬಿಲ್ಡರ್‌ಗೆ ಮಾರಿ ಹೋಗಿದ್ದರು.

ಒಡೆಯುವುದಕ್ಕೊಂದು ಕ್ರಮ ಇದೆ. ನಮ್ಮ ದೇಶದ್ದೇ ಮಾನಕ ಇದೆ, ಐಎಸ್ 4130 ಅಂತ, ಕಟ್ಟಡ ಕೆಡವುವಾಗಿನ ಸುರಕ್ಷತೆಗೆಂದೇ ಬರೆದದ್ದು. ಅದರ ಸಾರ ಅಜ್ಜಂದಿರಿಗೂ ಗೊತ್ತಿತ್ತು: ಕಟ್ಟಿದ ಕ್ರಮಕ್ಕೆ ತಿರುವುಮುರುವಾಗಿ ಬಿಚ್ಚಬೇಕು. ಮೊದಲು ಕರೆಂಟು, ನೀರು, ಒಳಚರಂಡಿಯ ಸಂಪರ್ಕ ತೆಗೆಸಬೇಕು. ಆಮೇಲೆ ಬಾಗಿಲು ಕಿಟಕಿ, ಹೆಂಚು, ಜಂತೆ, ತೊಲೆ; ಕೊನೆಗೆ ಗೋಡೆ, ಅದೂ ಮೇಲಿಂದ ಕೆಳಕ್ಕೆ. ಜಂಟಿ ಗೋಡೆಗೆ ಆಸರೆ ಕೊಟ್ಟೇ ಮುಂದುವರಿಯಬೇಕು. ಧೂಳಿಗೆ ನೀರು ಹೊಡೆಯುತ್ತಿರಬೇಕು. ನಮ್ಮ ಊರಲ್ಲಿ ನಡೆಯುವುದು ಇದರ ಉಲ್ಟಾ. ಬುಡಕ್ಕೆ ಬಕೆಟ್ ಹಾಕಿ ಒಂದು ಎಳೆತ, ಮೇಲಿನದು ತಾನಾಗಿ ಕೆಳಗೆ. ಯಂತ್ರದ ಬಾಡಿಗೆ ಗಂಟೆಗಿಷ್ಟು ಅಂತ ಇರುವಾಗ ಯಾರಿಗೆ ತಾಳ್ಮೆ?

ಅರ್ಜಿ ಹಾಕಿದರೆ ಇದೆಲ್ಲ ಸರಿಹೋಗುತ್ತದೆಯೇ ಅಂದರೆ, ತನ್ನಷ್ಟಕ್ಕೆ ಹೋಗುವುದಿಲ್ಲ. ವಲಯ ಕಚೇರಿಯಲ್ಲಿ ನಿಮ್ಮ ಕಡತ ನೋಡುವ ಇಂಜಿನಿಯರಿಗೆ ಹತ್ತು ಕೆಲಸ. ಆದರೂ ಅರ್ಜಿ ಒಂದು ಕೆಲಸ ಮಾಡುತ್ತದೆ: ಕಟ್ಟಡ ನೆಲಕ್ಕೆ ಬೀಳುವ ಮುಂಚೆ ಒಂದಷ್ಟು ಪ್ರಶ್ನೆಗಳನ್ನು ಕೇಳುತ್ತದೆ. ಅವನ್ನು ಬಿದ್ದ ಮೇಲೆ ಕೇಳಿ ಪ್ರಯೋಜನವಿಲ್ಲ.

ಮೊದಲನೆಯ ಪ್ರಶ್ನೆ, ಮನೆ ಯಾರದು? ನಗಬೇಡಿ. ನನ್ನ ಮುಂದೆ ಬರುವ ಕಡತಗಳಲ್ಲಿ ಅರ್ಧಕ್ಕೆ ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ. ಕಂದಾಯ ಮಾತ್ರ ಯಾರೋ ಒಬ್ಬರು ಕಟ್ಟಿಕೊಂಡು ಬಂದಿರುತ್ತಾರೆ, ಮತ್ತು ಹಾಗೆ ಕಟ್ಟಿದ್ದರಿಂದಲೇ ಮನೆ ತನ್ನದು ಅಂದುಕೊಂಡಿರುತ್ತಾರೆ. ವಂಶವೃಕ್ಷ ಮಾಡಿಸಿ, ಪೌತಿ ಖಾತೆ ಮಾಡಿಸಿ, ಅಮೆರಿಕದ ತಮ್ಮನ ಜಿಪಿಎ ತರಿಸಿ, ಮದುವೆಯಾಗಿ ಹೋದ ಅತ್ತೆಯ ಮಕ್ಕಳ ಸಹಿ ಹಾಕಿಸಿ ಅಂದರೆ ಸಿಡುಕುತ್ತೀರಿ. ಆ ಅತ್ತೆಯ ಮಕ್ಕಳು ಮನೆ ಒಡೆದ ಮಾರನೇ ದಿನ ತಡೆಯಾಜ್ಞೆ ತಂದರೆ ನಿಮ್ಮ ಹತ್ತಿರ ಉಳಿಯುವುದು ಮನೆಯೂ ಅಲ್ಲದ, ಸೈಟೂ ಅಲ್ಲದ ಒಂದು ಗುಂಡಿ. ಅಂಥ ಗುಂಡಿಗಳು ನಮ್ಮ ಹಳೇ ಬಡಾವಣೆಗಳಲ್ಲಿ ಹುಡುಕಿದರೆ ಸಿಗುತ್ತವೆ. ಪಾರ್ಥೇನಿಯಂ ಬೆಳೆದು ನಿಂತಿರುತ್ತದೆ.

ಎರಡನೆಯದು, ಒಳಗೆ ಯಾರಿದ್ದಾರೆ? ಮುಂದಿನ ಕೋಣೆಯಲ್ಲಿ ದರ್ಜಿಯೋ ಜೆರಾಕ್ಸ್ ಅಂಗಡಿಯೋ ಎಷ್ಟೋ ವರ್ಷದಿಂದ ಇರುತ್ತದೆ. ಮಾಲೀಕ ಮನೆ ಕೆಡವಿ ಕಟ್ಟಬೇಕಾದರೆ ಬಾಡಿಗೆದಾರನನ್ನು ಬಿಡಿಸಲು ಕಾಯ್ದೆಯಲ್ಲೇ ದಾರಿ ಇದೆ. ಕೋರ್ಟಿಗೆ ಹೋಗಬೇಕು, ಅಷ್ಟೇ. ಅದರ ಬದಲು ಸೂರಿನ ಸೋರಿಕೆಯನ್ನು ಬೇಕೆಂದೇ ಹಾಗೆ ಬಿಟ್ಟು, ಕೊನೆಗೆ 'ಅಪಾಯದ ಕಟ್ಟಡ' ಅನ್ನಿಸಿಕೊಂಡು ಅವನನ್ನು ಬೀದಿಗೆ ಕಳಿಸುವ ಉಪಾಯವನ್ನು ನಾನು ಇಲ್ಲಿ ಹೊಸದಾಗಿ ಹೇಳಬೇಕಾಗಿಲ್ಲ. ಕರ್ನಾಟಕ ಪೌರ ನಿಗಮಗಳ ಅಧಿನಿಯಮ, 1976ರದು, ಬೀಳುವ ಸ್ಥಿತಿಯ ಕಟ್ಟಡವನ್ನು ಭದ್ರಪಡಿಸಿ, ದುರಸ್ತಿ ಮಾಡಿ ಅಥವಾ ಕೆಡವಿ ಅಂತ ಮಾಲೀಕನಿಗೆ ನೋಟಿಸು ಕೊಡುವ ಅಧಿಕಾರವನ್ನು ಆಯುಕ್ತರಿಗೆ ಕೊಟ್ಟಿದೆ. ಜನರ ಜೀವ ಉಳಿಸಲೆಂದು ಇಟ್ಟ ಅಧಿಕಾರ ಅದು. ಅದನ್ನು ಅರ್ಜಿಗೆ ಬದಲಾಗಿ ಬಳಸಿಕೊಳ್ಳುವವರು, ಆ ನೋಟಿಸು ಬರುವಷ್ಟರಲ್ಲಿ ಕಟ್ಟಡ ಯಾರ ತಲೆಯ ಮೇಲೆ ನಿಂತಿತ್ತು ಅನ್ನುವುದನ್ನೂ ಯೋಚಿಸಬೇಕು. ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಸತ್ತವರು ಯಾರೂ ಅದರ ಮಾಲೀಕರಾಗಿರಲಿಲ್ಲ.

ಮೂರನೆಯದಕ್ಕೆ ಬಹಳ ಜನ ತಯಾರಾಗಿಯೇ ಬಂದಿರುವುದಿಲ್ಲ: ಒಡೆದ ಮೇಲೆ ಅಲ್ಲಿ ಎಷ್ಟು ಕಟ್ಟಬಹುದು? ಹಳೇ ಮನೆ ರಸ್ತೆಯ ಚರಂಡಿಗೆ ಜಗಲಿ ಅಂಟಿಸಿಕೊಂಡು ನಿಂತಿದೆ, ಎರಡು ಪಕ್ಕಕ್ಕೂ ಜಾಗ ಬಿಟ್ಟಿಲ್ಲ. ಅದು ಹಳೇ ಕಾಲದ ಲೆಕ್ಕ. ಕೆಡವಿದ ಗಳಿಗೆಯಿಂದ ನಿಮ್ಮದು ಖಾಲಿ ನಿವೇಶನ, ಅದಕ್ಕೆ ಇವತ್ತಿನ ನಿಯಮ. ಮುಂದೆ ಸೆಟ್‌ಬ್ಯಾಕ್, ಹಿಂದೆ ಸೆಟ್‌ಬ್ಯಾಕ್. ಮಹಾಯೋಜನೆಯಲ್ಲಿ ರಸ್ತೆ ಅಗಲೀಕರಣದ ಗೆರೆ ನಿಮ್ಮ ಪಡಸಾಲೆಯ ಮೇಲೆ ಹಾದುಹೋಗಿದ್ದರೆ ಅಷ್ಟೂ ಬಿಡಬೇಕು. ಕಿರಿದಾದ, ಉದ್ದನೆಯ ಸಾಲುಮನೆ ಸೈಟುಗಳಲ್ಲಿ ಇದನ್ನೆಲ್ಲ ಕಳೆದ ಮೇಲೆ ಉಳಿಯುವ ಅಗಲ ನೋಡಿ 'ಅಜ್ಜನ ಮನೇನೇ ದೊಡ್ಡದಿತ್ತಲ್ಲ ಸಾರ್' ಅಂದವರಿದ್ದಾರೆ. ಆ ಮಾತು ಹೇಳುವ ಹೊತ್ತಿಗೆ ಮನೆ ಟಿಪ್ಪರಿನಲ್ಲಿ ಹೋಗಿಯಾಗಿತ್ತು. ಹಾಗಾಗಿ ಹೊಸ ನಕ್ಷೆ ಮಂಜೂರಾಗಿ ಕೈಗೆ ಬರುವವರೆಗೆ ಹಳೆಯದರ ಒಂದು ಹೆಂಚನ್ನೂ ಇಳಿಸಬೇಡಿ. ಇದು ಕಾನೂನಿನ ಮಾತಲ್ಲ, ಕಸುಬಿನ ಮಾತು.

ಪಾರಂಪರಿಕ ಪಟ್ಟಿಯ ಪ್ರಶ್ನೆಯನ್ನು ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ನೀವು ಹೆದರುವುದು ಅದಕ್ಕೇ. ಪಟ್ಟಿಗೆ ಸೇರಿಸಿಬಿಟ್ಟರೆ ಮಾರಲೂ ಆಗುವುದಿಲ್ಲ, ಒಡೆಯಲೂ ಆಗುವುದಿಲ್ಲ ಅನ್ನುವ ಭಯದಲ್ಲೇ ರಾತ್ರೋರಾತ್ರಿ ಮಂಗಳೂರು ಹೆಂಚು ಇಳಿಯುತ್ತದೆ. ಮೈಸೂರಿನಲ್ಲಿ ಗುರುತಿಸಿದ ಪಾರಂಪರಿಕ ಕಟ್ಟಡಗಳು ಅಂತ ಸಾಮಾನ್ಯವಾಗಿ ಹೇಳುವ ಸಂಖ್ಯೆ 131. ಅದರಲ್ಲಿ ಅರಮನೆಗಳು, ಕಾಲೇಜುಗಳು, ಕಚೇರಿಗಳೇ ಮುಂದಿನ ಸಾಲಿನಲ್ಲಿರುವುದು. ನಿಮ್ಮ ಮನೆ ಬಹುಶಃ ಅದರಲ್ಲಿಲ್ಲ. ಇದ್ದರೆ ವಿಷಯ ಜಿಲ್ಲಾ ಪರಂಪರೆ ಸಮಿತಿಯ ಮುಂದೆ ಹೋಗುತ್ತದೆ. ಇಲ್ಲದಿದ್ದರೂ ಸಮಸ್ಯೆ ಬರಬಹುದು ಅನ್ನುವುದಕ್ಕೆ ಯಾದವಗಿರಿಯಲ್ಲೇ ಉದಾಹರಣೆ ಇದೆ.

ಆರ್.ಕೆ. ನಾರಾಯಣ್ ತಾವೇ ಮುಂದೆ ನಿಂತು ಕಟ್ಟಿಸಿದ ಮನೆ ಅದು. ಅವರು ತೊಂಬತ್ತರ ದಶಕದಲ್ಲಿ ಚೆನ್ನೈಗೆ ಹೋದರು, 2001ರಲ್ಲಿ ತೀರಿಕೊಂಡರು. 2011ರಲ್ಲಿ ವಾರಸುದಾರರು ಮನೆ ಮಾರಿದರು, ಕೆಡವಲು ಪಾಲಿಕೆಯ ಒಪ್ಪಿಗೆಯೂ ಇತ್ತು, ಕೆಲಸ ಶುರುವಾಯಿತು. ಪತ್ರಿಕೆಗಳಲ್ಲಿ ಸುದ್ದಿ ಬಂದ ಮೇಲೆ ಊರಿಗೆ ಎಚ್ಚರವಾಯಿತು. ಕೊಟ್ಟ ಒಪ್ಪಿಗೆಯನ್ನು ತಡೆಹಿಡಿದರು. ಇಂಗ್ಲಿಷಿನಲ್ಲಿ ಬರೆದವರ ಮನೆಗೆ ಜನರ ದುಡ್ಡು ಯಾಕೆ ಅಂತ ಕೆಲವು ಕನ್ನಡ ಸಾಹಿತಿಗಳು ತಕರಾರು ಎತ್ತಿದರು. ಅದೊಂದು ಬೇರೆಯೇ ರಾಮಾಯಣ. ಕೊನೆಗೆ ಸರ್ಕಾರದ ದುಡ್ಡಿನಲ್ಲಿ ಮನೆ ಕೊಂಡು, ಅರ್ಧ ಒಡೆದದ್ದನ್ನು ಮತ್ತೆ ಕಟ್ಟಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ಇವತ್ತು ಹೋದರೆ ಅವರ ಕನ್ನಡಕ, ಕೋಟು ನೋಡಿಕೊಂಡು ಬರಬಹುದು.

ಆ ಪ್ರಕರಣದಲ್ಲಿ ವಾರಸುದಾರರನ್ನು ಬೈದವರೇ ಹೆಚ್ಚು. ನನಗೆ ಅವರು ಮಾಡಿದ್ದರಲ್ಲಿ ತಪ್ಪು ಕಾಣುವುದಿಲ್ಲ. ಮನೆ ಪಟ್ಟಿಯಲ್ಲಿರಲಿಲ್ಲ. ತಪ್ಪಿರುವುದು ನಮ್ಮ ಪದ್ಧತಿಯಲ್ಲಿ: ಒಡೆಯುವ ಒಪ್ಪಿಗೆ ಅರ್ಜಿದಾರರಿಗೂ ಗುಮಾಸ್ತರಿಗೂ ನಡುವಿನ ಕಾಗದವಾಗಿ ಉಳಿದುಬಿಡುತ್ತದೆ. ಗೇಟಿನ ಮೇಲೆ ಒಂದು ತಿಂಗಳು ಮುಂಚೆ ಒಂದು ಹಾಳೆ ಅಂಟಿಸಿದ್ದರೆ ಮೈಸೂರಿನವರು ಸೂರು ಇಳಿಯುವ ಮುಂಚೆಯೇ ಜಗಳ ಆಡಿ ಮುಗಿಸುತ್ತಿದ್ದರು. ಮಾಲೀಕರಿಗೂ ಕಿರಿಕಿರಿ ಕಡಿಮೆಯಾಗುತ್ತಿತ್ತು, ಮತ್ತೆ ಕಟ್ಟುವ ಖರ್ಚೂ ಉಳಿಯುತ್ತಿತ್ತು.

ಇಂಗ್ಲೆಂಡಿನಲ್ಲಿ ಈ ಹಾಳೆಯ ಪದ್ಧತಿ ಇದೆ. ಸಾಮಾನ್ಯ ಕಟ್ಟಡವನ್ನೇ ಕೆಡವಬೇಕಾದರೂ ಸ್ಥಳೀಯ ಕೌನ್ಸಿಲಿಗೆ ಮೊದಲು ತಿಳಿಸಿ, ಸ್ಥಳದಲ್ಲಿ ಎಲ್ಲರಿಗೂ ಕಾಣುವಂತೆ ನೋಟಿಸು ಹಚ್ಚಬೇಕು. ಕೌನ್ಸಿಲಿಗೆ ಯೋಚಿಸಲು 28 ದಿನ. ಅಲ್ಲೂ ಕಳ್ಳದಾರಿ ಹಿಡಿಯುವವರು ಇಲ್ಲದಿಲ್ಲ. ಲಂಡನ್ನಿನ ಕಾರ್ಲ್‌ಟನ್ ಟ್ಯಾವರ್ನ್ ಅನ್ನುವ ಪಬ್ಬನ್ನು, ಅದನ್ನು ಸಂರಕ್ಷಿತ ಪಟ್ಟಿಗೆ ಸೇರಿಸುವ ಯೋಚನೆ ನಡೆಯುತ್ತಿದ್ದಾಗಲೇ, 2015ರ ಏಪ್ರಿಲ್‌ನಲ್ಲಿ ಅದರ ಮಾಲೀಕರು ಒಪ್ಪಿಗೆಯಿಲ್ಲದೆ ನೆಲಸಮ ಮಾಡಿದರು. ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ಸುಮ್ಮನಾಗಲಿಲ್ಲ. ಮೊದಲು ಹೇಗಿತ್ತೋ ಹಾಗೇ ಇಟ್ಟಿಗೆಗೆ ಇಟ್ಟಿಗೆ ಸೇರಿಸಿ ಕಟ್ಟಿಕೊಡಿ ಅಂತ ಆದೇಶಿಸಿತು. ಕಟ್ಟಿದರು. 2021ರಲ್ಲಿ ಅದೇ ಪಬ್ಬು ಮತ್ತೆ ಬಾಗಿಲು ತೆರೆಯಿತು. ನಮ್ಮಲ್ಲಿ ಹಾಗೆ ಆಗುತ್ತದೆ ಅಂತ ನಾನು ಹೆದರಿಸುತ್ತಿಲ್ಲ. ಆಗುವುದಿಲ್ಲ ಅಂತ ನಿಮಗೂ ಗೊತ್ತು.

ನಮ್ಮ ದೇಶದಲ್ಲೇ ಒಂದು ವಿಚಿತ್ರ ನೋಡಿ. ಸರ್ಕಾರ ಅಕ್ರಮ ಅಂತ ಯಾರದಾದರೂ ಮನೆ ಕೆಡವಬೇಕಾದರೆ ಕನಿಷ್ಠ 15 ದಿನ ಮುಂಚೆ ನೋಟಿಸು ಕೊಟ್ಟಿರಬೇಕು ಅಂತ ಸುಪ್ರೀಂ ಕೋರ್ಟು 2024ರ ನವೆಂಬರ್‌ನಲ್ಲಿ ಹೇಳಿತು. ಸರಿಯಾದ ಮಾತು. ಆದರೆ ಸಕ್ರಮವಾಗಿ ನಿಂತ ಮನೆಯನ್ನು ಅದರ ಮಾಲೀಕರು ಕೆಡವುವಾಗ, ಗೋಡೆ ಹಂಚಿಕೊಂಡ ನೆರೆಯವರಿಗೆ ಒಂದು ದಿನದ ಮುನ್ಸೂಚನೆಯೂ ಸಿಗುವುದಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ಯಂತ್ರದ ಸದ್ದು ಕೇಳಿದಾಗಲೇ ತಿಳಿಯುವುದು.

ಅವಶೇಷದ ಮಾತು ಹೇಳದೆ ಬಿಟ್ಟರೆ ಪತ್ರ ಅರ್ಧವಾದೀತು. ಕಂಟ್ರಾಕ್ಟರ್ 'ನೀವೇನೂ ಕೊಡಬೇಡಿ, ನಾನೇ ನಿಮಗೆ ಕೊಡ್ತೀನಿ' ಅಂದರೆ ಖುಷಿಪಡುವ ಮೊದಲು ಒಮ್ಮೆ ಮನೆಯೊಳಗೆ ಸುತ್ತು ಹಾಕಿ. ತೇಗದ ಬಾಗಿಲುವಾಡ, ಹೊನ್ನೆಯ ತೊಲೆ, ಹಲಸಿನ ಕಂಬ, ಬಾಸೆಲ್ ಮಿಷನ್ ಮುದ್ರೆಯ ಹೆಂಚು, ಹಿತ್ತಾಳೆಯ ಚಿಲಕ. ಅವನು ಕೊಡುವ ದುಡ್ಡು ಇದರ ಬೆಲೆಯ ಒಂದು ಚೂರು. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಯ ಇಟ್ಟಿಗೆ ನಿಧಾನಕ್ಕೆ ಬಿಚ್ಚಿದರೆ ಇಡಿಯಾಗಿ ಬರುತ್ತದೆ. ಸಿಮೆಂಟಿನದ್ದು ಬರುವುದಿಲ್ಲ. ಬೇಡವಾದ ಮಣ್ಣು, ಗಾರೆ, ಚೂರಿಗೆ ಅವನಿಗೆ ಗೊತ್ತಿರುವ ಜಾಗ ಎರಡೇ: ಒಂದು ರಿಂಗ್ ರೋಡಿನ ಅಂಚು, ಇನ್ನೊಂದು ನಿಮ್ಮ ಹಿತ್ತಲಿನ ಬಾವಿ. ಒಡೆದ ಅವಶೇಷವನ್ನು ವಿಂಗಡಿಸಿ ಸ್ಥಳೀಯ ಸಂಸ್ಥೆ ಹೇಳಿದ ಕಡೆಗೆ ಮುಟ್ಟಿಸುವುದು ಒಡೆಸಿದವರ ಹೊಣೆ ಅಂತ 2016ರಲ್ಲೇ ಕೇಂದ್ರದ ನಿಯಮ ಬಂದಿದೆ. ಹೊಣೆ ನಿಮ್ಮದು, ಕಂಟ್ರಾಕ್ಟರನದಲ್ಲ. ಬಾವಿಗಂತೂ ದಯವಿಟ್ಟು ಹಾಕಿಸಬೇಡಿ. ಎಷ್ಟೋ ತಲೆಮಾರು ಕುಡಿದ ನೀರಿನ ಕಣ್ಣಿಗೆ ಕಮೋಡಿನ ಚೂರು, ಆಸ್ಬೆಸ್ಟಾಸ್ ಶೀಟು ತುಂಬಿ ಅದರ ಮೇಲೆ ಪಿಲ್ಲರ್ ಎಬ್ಬಿಸಿದ ಕಟ್ಟಡಕ್ಕೆ ಆಮೇಲೆ ಬಿರುಕು ಬಂದಾಗಲೂ ನನ್ನನ್ನೇ ಕರೆಯುತ್ತಾರೆ.

ಹಾಗೇ ಒಡೆಯಲು ಬರುವ ಕೂಲಿಯವರ ಬಗ್ಗೆ ಒಂದು ಮಾತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಕೆಡವುವ ಕೆಲಸವನ್ನೂ ಸೇರಿಸಿದ್ದರು. ಹವಾಯಿ ಚಪ್ಪಲಿ ಹಾಕಿಕೊಂಡು ಗೋಡೆಯ ನೆತ್ತಿಯ ಮೇಲೆ ನಿಂತು ಸುತ್ತಿಗೆ ಬೀಸುವ ಹುಡುಗ ಬಿದ್ದರೆ ಅವನ ಮನೆಯವರು ಕೇಳುವುದು ನಿಮ್ಮನ್ನು. ಹೆಲ್ಮೆಟ್ಟು, ಬೂಟು ಕೊಡುತ್ತೀಯಾ ಅಂತ ಕರಾರಿಗೆ ಮುಂಚೆಯೇ ಕೇಳಿ.

ಇಷ್ಟೆಲ್ಲ ಓದಿದ ಮೇಲೆ 'ಅದಕ್ಕೇ ಸಾರ್, ಮಳೆಗೇ ಬಿಡೋಣ' ಅಂತ ನೀವು ಅಂದುಕೊಳ್ಳುತ್ತಿದ್ದರೆ, ಮಳೆ ಹೇಗೆ ಕೆಡವುತ್ತದೆ ಅಂತ ತಿಳಿದುಕೊಳ್ಳಿ. ಮದ್ರಾಸ್ ತಾರಸಿ ಒಂದೇ ದಿನಕ್ಕೆ ಬೀಳುವುದಿಲ್ಲ. ಬೀಗ ಹಾಕಿದ ಮನೆಯ ತಾರಸಿಯಲ್ಲಿ ತರಗೆಲೆ ಸೇರಿ ನೀರು ಹೋಗುವ ಕಿಂಡಿ ಕಟ್ಟಿಕೊಳ್ಳುತ್ತದೆ. ಅಲ್ಲೊಂದು ಅರಳಿ ಸಸಿ. ಅದರ ಬೇರು ಗಾರೆಯನ್ನು ಸೀಳಿ ನೀರಿಗೆ ದಾರಿ ಮಾಡಿಕೊಡುತ್ತದೆ. ತೊಲೆಯ ನಡುಭಾಗ ಗಟ್ಟಿಯಾಗೇ ಇರುತ್ತದೆ, ಕೆಳಗಿಂದ ನೋಡಿದರೆ ಎಲ್ಲ ಸರಿ. ಕೊಳೆಯುವುದು ಗೋಡೆಯೊಳಗೆ ಹೂತ ಅದರ ತುದಿ. ಕಣ್ಣಿಗೆ ಕಾಣುವ ಜಾಗವಲ್ಲ. ಮಳೆ ಸುರಿಯುವಾಗಲೇ ಬೀಳುತ್ತದೆ ಅನ್ನುವ ಗ್ಯಾರಂಟಿಯೂ ಇಲ್ಲ. ಮಳೆ ನಿಂತು ಬಿಸಿಲು ಬಂದು, ಗೋಡೆ ಒಣಗುವಾಗ, ಶಾಲೆ ಬಿಟ್ಟ ಹೊತ್ತಿಗೆ ಬೀಳಬಹುದು.

ಅಂದಹಾಗೆ ಒಡೆಯುವುದು ಈ ಊರಿಗೆ ಹೊಸದಲ್ಲ. ಪ್ಲೇಗು ಬಂದು ಹೋದ ಮೇಲೆ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಮಾಡಿ, ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳನ್ನು ಬಿಡಿಸಿ ಹೊಸ ಬಡಾವಣೆಗಳನ್ನು ಹಾಕಿದರು. ನಿಮ್ಮ ಅಜ್ಜಂದಿರಲ್ಲಿ ಹಲವರಿಗೆ ಸೈಟು ಸಿಕ್ಕಿದ್ದು ಆ ಯೋಜನೆಗಳಲ್ಲೇ. ಅವರು ಎಳೆದ ನೇರ ರಸ್ತೆ, ಕನ್ಸರ್ವೆನ್ಸಿ ಗಲ್ಲಿ, ಉದ್ಯಾನ ಇವತ್ತಿಗೂ ಕೆಲಸಕ್ಕೆ ಬರುತ್ತಿವೆ. ಒಡೆಯುವುದಕ್ಕೂ ಒಂದು ನಕ್ಷೆ ಬೇಕು ಅನ್ನುವುದು ಆ ಮಂಡಳಿಗೆ ಗೊತ್ತಿತ್ತು.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಪಾಲಿಕೆ ಕೇಳಲಿ ಬಿಡಲಿ, ಅರ್ಜಿಯ ಒಂದು ಪ್ರತಿಯನ್ನು ಗೇಟಿಗೆ ಅಂಟಿಸಿ, ಇನ್ನೊಂದನ್ನು ಎಡಬಲದ ಮನೆಯವರಿಗೆ ಕೈಯಾರೆ ಕೊಡಿ. ಅವರ ಗೋಡೆಯ ಈಗಿನ ಬಿರುಕುಗಳ ಫೋಟೋವನ್ನು ಅವರೆದುರೇ ತೆಗೆದಿಟ್ಟುಕೊಳ್ಳಿ. ಅದು ನಾಳೆ ಅವರಿಗೂ ಸಾಕ್ಷಿ, ನಿಮಗೂ ಸಾಕ್ಷಿ. ಮತ್ತೆ, ಒಡೆಯುವ ಮುಂಚೆ ಮನೆಯನ್ನು ಅಳೆದು ಅಳತೆಯ ನಕ್ಷೆ ಮಾಡಿಸಿಟ್ಟುಕೊಳ್ಳಿ: ಪಡಸಾಲೆ ಎಷ್ಟಡಿ, ತೊಟ್ಟಿ ಎಷ್ಟಡಿ, ಗೋಡೆ ಎಷ್ಟು ದಪ್ಪ, ಬಾವಿ ಎಲ್ಲಿ. ಪಾಲು ಮಾಡುವಾಗ, ಜಂಟಿ ಗೋಡೆಯ ತಂಟೆ ಬಂದಾಗ, ಹೊಸ ಪಾಯ ತೆಗೆಯುವಾಗ ಅದು ಕೆಲಸಕ್ಕೆ ಬರುತ್ತದೆ. ಒಡೆಯುವ ಅರ್ಜಿ ಹಾಕಿದವರ ಮನೆಗೆ ಈ ಅಳತೆಯನ್ನು ನಾನು ಫೀಸಿಲ್ಲದೆ ಮಾಡಿಕೊಡುತ್ತೇನೆ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಮೊದಲು ವಿಚಾರಿಸಿಕೊಂಡು, ಜೂನ್‌ಗೆ ಮುಂಚೆ ಹೇಳಿ ಕಳಿಸಿ; ತಾರಸಿ ಒದ್ದೆಯಾದ ಮೇಲೆ ನಾನೂ ಹತ್ತುವುದಿಲ್ಲ, ನನ್ನ ಹುಡುಗರನ್ನೂ ಹತ್ತಿಸುವುದಿಲ್ಲ.

ಇಂತಿ ನಿಮ್ಮವ,
ಮೈಸೂರಿನ ಒಬ್ಬ ನಕ್ಷೆಗಾರ